ಕತ್ತರಿಯ ತುದಿಯಿಂದ ಹಾರಿದ ಕುದುರೆ

ಪರದೆಯ ಮೇಲೆ ಒಬ್ಬ ಮಾಂತ್ರಿಕ. ಕಡ್ಡಿಯಂಥ ಮೈ, ಮೈಗಿಂತ ಉದ್ದನೆಯ ಬೆರಳುಗಳು. ಗಾಳಿಯಲ್ಲಿ ಕೈಯಾಡಿಸುತ್ತಾನೆ. ಎದುರಿಗೆ ಏನೋ ಒಂದು ಕಪ್ಪು ಮುದ್ದೆ ಕದಲುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ, ಒಂದು ಗಳಿಗೆ ಯಾವುದೋ ಪ್ರಾಣಿಯ ಹಾಗೆ ಕಂಡು ಮತ್ತೆ ಕರಗಿಹೋಗುತ್ತದೆ. ನೋಡನೋಡುತ್ತಿದ್ದಂತೆ ಅದಕ್ಕೆ ಕಾಲು ಮೂಡುತ್ತವೆ, ಕೇಸರ ಮೂಡುತ್ತದೆ, ಕುದುರೆಯಾಗಿ ನಿಲ್ಲುತ್ತದೆ. ಆಮೇಲೆ ಅದು ಹಾರುತ್ತದೆ!

ಇದರಲ್ಲಿ ಕಂಪ್ಯೂಟರ್ ಇಲ್ಲ, ಬಣ್ಣ ತುಂಬಿದ ಕಾರ್ಟೂನ್ ಇಲ್ಲ, ವೇಷ ಹಾಕಿದ ನಟನೂ ಇಲ್ಲ. ಇರುವುದೆಲ್ಲ ಕಪ್ಪು ರಟ್ಟು, ತೆಳು ಸೀಸದ ತಗಡು, ತಂತಿ, ಗಾಜು ಮತ್ತು ಬೆಳಕು. ಇಡೀ ಚಿತ್ರ ಒಂದು ಗಂಟೆಗೂ ಹೆಚ್ಚು ಹೊತ್ತು ಹೀಗೇ ಓಡುತ್ತದೆ. ಅಷ್ಟೂ ಹೊತ್ತು ನಮ್ಮ ಕಣ್ಣಿಗೆ ಬೀಳುವುದು ಬರೀ ನೆರಳುಗಳು. ಆದರೆ ನಾವು ಅವುಗಳ ಜೊತೆ ಹೆದರುತ್ತೇವೆ, ಪ್ರೀತಿಸುತ್ತೇವೆ, ಉಸಿರು ಬಿಗಿಹಿಡಿಯುತ್ತೇವೆ. ತೆಗೆದ ಕಾಲ 1923ರಿಂದ 1926. ತೆಗೆದ ಜಾಗ ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಒಂದು ಕಾರ್ ಗ್ಯಾರೇಜಿನ ಮೇಲಿನ ಅಟ್ಟ. ತೆಗೆದವರು ಲೋಟೆ ರೈನಿಗರ್. ಕೆಲಸ ಶುರುವಾದಾಗ ಆಕೆಗೆ ಇಪ್ಪತ್ತನಾಲ್ಕರ ಆಸುಪಾಸು.

‘ರಾಜಕುಮಾರ ಅಹ್ಮದನ ಸಾಹಸಗಳು’ ಎಂಬ ಈ ಚಿತ್ರ ಇಂದಿಗೂ ಉಳಿದಿರುವ ಅನಿಮೇಶನ್ ಕಥಾಚಿತ್ರಗಳಲ್ಲಿ ಎಲ್ಲಕ್ಕಿಂತ ಹಳೆಯದು. ಅರ್ಜೆಂಟೀನಾದಲ್ಲಿ ಕಿರಿನೊ ಕ್ರಿಸ್ತಿಯಾನಿ ಎಂಬಾತ 1917ರಲ್ಲೇ ಪೂರ್ಣಾವಧಿಯ ಅನಿಮೇಶನ್ ಚಿತ್ರ ಮಾಡಿದ್ದ, ಅದರ ಒಂದು ರೀಲೂ ಉಳಿದಿಲ್ಲ. ವಾಲ್ಟ್ ಡಿಸ್ನಿಯ ‘ಸ್ನೋ ವೈಟ್’ ತೆರೆಕಂಡದ್ದು 1937ರಲ್ಲಿ. ಅಂದರೆ ಜಗತ್ತೆಲ್ಲ ‘ಮೊಟ್ಟಮೊದಲನೆಯದು’ ಎಂದು ಕೊಂಡಾಡುವ ಚಿತ್ರಕ್ಕಿಂತ ಹನ್ನೊಂದು ವರ್ಷ ಮೊದಲೇ, ಬೆರಳೆಣಿಕೆಯ ಗೆಳೆಯರನ್ನು ಕಟ್ಟಿಕೊಂಡು, ಒಬ್ಬ ಹೆಣ್ಣುಮಗಳು ಈ ಕೆಲಸ ಮುಗಿಸಿ ಕತ್ತರಿ ಕೆಳಗಿಟ್ಟಿದ್ದರು! ಇದನ್ನು ಶಾಲೆಯ ಪಾಠದಲ್ಲಿ ಯಾಕೆ ಹೇಳಿಕೊಡುವುದಿಲ್ಲ?

ಮೊದಲು ಆ ಕತ್ತರಿಯ ಮಾತು. ವಯಸ್ಸಾದ ಮೇಲೆ ರೈನಿಗರ್ ಕೆಲಸ ಮಾಡುವುದನ್ನು ಚಿತ್ರೀಕರಿಸಿದ್ದಾರೆ. ಸಿಕ್ಕರೆ ದಯವಿಟ್ಟು ನೋಡಿ. ಬಲಗೈಯಲ್ಲಿ ಕತ್ತರಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ತಿರುಗುವುದು ಎಡಗೈಯಲ್ಲಿರುವ ಕಾಗದ. ಕಾಗದವನ್ನು ಕತ್ತರಿಯ ಬಾಯಿಗೆ ಉಣಿಸುತ್ತ, ಹೊರಳಿಸುತ್ತ, ಹಿಂದೆಳೆಯುತ್ತ ಹೋಗುತ್ತಾರೆ. ಒಂದು ಮೂಗು, ಗಲ್ಲ, ಕುತ್ತಿಗೆಯ ಇಳಿಜಾರು, ರೆಕ್ಕೆಯ ಗರಿಗರಿ ಒಂದೇ ಓಟದಲ್ಲಿ ಬಿಡಿಸಿಕೊಂಡು ಹೊರಬರುತ್ತವೆ. ಕತ್ತರಿಸಿದ ಚೂರುಗಳು ಮಡಿಲಿಗೆ ಉದುರುತ್ತವೆ. ಎಲ್ಲೂ ತಡವರಿಕೆಯಿಲ್ಲ. ಚಿಕ್ಕಂದಿನಿಂದ ಬಂದ ಕೈ ಅದು. 1899ರ ಜೂನ್ 2ರಂದು ಬರ್ಲಿನ್‌ನಲ್ಲಿ ಹುಟ್ಟಿದ ಈ ಹುಡುಗಿ ಓದುವ ವಯಸ್ಸಿನಲ್ಲೇ ಮನೆಯಲ್ಲಿ ನೆರಳಿನ ರಂಗಮಂದಿರ ಕಟ್ಟಿ, ಮನೆಯವರನ್ನು ಕೂರಿಸಿ ಶೇಕ್ಸ್‌ಪಿಯರ್ ಆಡಿಸುತ್ತಿದ್ದಳು.

ಸಿನಿಮಾದ ಹುಚ್ಚು ಹತ್ತಿಸಿದ್ದು ಫ್ರಾನ್ಸಿನ ಜಾರ್ಜ್ ಮೆಲಿಯೆಸ್‌ನ ಮಾಯಾಜಾಲದ ಚಿತ್ರಗಳು. ಆಮೇಲೆ ಜರ್ಮನಿಯ ನಟ, ನಿರ್ದೇಶಕ ಪೌಲ್ ವೆಗೆನರ್. ‘ಗೋಲೆಮ್’ ಎಂಬ ಮಣ್ಣಿನ ಮನುಷ್ಯನ ಚಿತ್ರ ಮಾಡಿದವರು ಈ ವೆಗೆನರ್. 1915ರಲ್ಲಿ ಅವರು ಸಿನಿಮಾದಿಂದ ಏನೆಲ್ಲ ಅದ್ಭುತಗಳನ್ನು ಮಾಡಬಹುದು ಎಂದು ಭಾಷಣ ಮಾಡಿದರು. ಕೇಳಿದ ಹದಿಹರೆಯದ ಲೋಟೆಗೆ ಮುಂದೆ ಬೇರೆ ದಾರಿಯೇ ಕಾಣಲಿಲ್ಲ. ಅವರ ಹತ್ತಿರ ಸುಳಿಯುವುದು ಹೇಗೆ? ಅವರು ನಟಿಸುತ್ತಿದ್ದ ಮ್ಯಾಕ್ಸ್ ರೈನ್‌ಹಾರ್ಟ್ ರಂಗತಂಡದ ನಟನಾ ಶಾಲೆಗೇ ಸೇರಿಕೊಂಡಳು. ಸೈಡ್‌ವಿಂಗಿನಲ್ಲಿ ನಿಂತು, ರಂಗದ ಮೇಲಿರುವ ನಟನಟಿಯರನ್ನು ಕತ್ತರಿಯಲ್ಲೇ ಹಿಡಿದು ಕಪ್ಪು ಕಾಗದದಲ್ಲಿ ಇಳಿಸತೊಡಗಿದಳು. ನಟರಿಗೆ ತಮ್ಮ ರೂಪ ನೋಡಿಕೊಳ್ಳುವ ಆಸೆ ಯಾವತ್ತೂ ಇದ್ದದ್ದೇ. ವೆಗೆನರ್ ಕಣ್ಣಿಗೂ ಬಿತ್ತು.

1918ರಲ್ಲಿ ವೆಗೆನರ್ ‘ಹ್ಯಾಮೆಲಿನ್ ಕಿಂದರಿಜೋಗಿ’ಯ ಕಥೆಯನ್ನು ಸಿನಿಮಾ ಮಾಡಿದರು. ಕುವೆಂಪು ಕೈಯಲ್ಲಿ ನಮ್ಮದೇ ಆಗಿಹೋದ ಅದೇ ಕಥೆ. ಅದರ ಶೀರ್ಷಿಕೆಗಳಿಗೆ ನೆರಳುಚಿತ್ರ ಕತ್ತರಿಸಿಕೊಟ್ಟದ್ದು ಲೋಟೆ. ಇಲಿಗಳ ದಂಡು ಬೇಕಿತ್ತಲ್ಲ? ನಿಜವಾದ ಇಲಿಗಳು ನಿರ್ದೇಶಕರ ಮಾತು ಕೇಳಬೇಕೆ! ಕೊನೆಗೆ ಮರದ ಇಲಿಗಳನ್ನು ಮಾಡಿ, ಅವನ್ನು ಒಂದೊಂದು ಫ್ರೇಮಿಗೆ ಒಂದಿಷ್ಟು ಸರಿಸಿ ಚಿತ್ರ ತೆಗೆದರು. ಇಲಿ ಸರಿಸುವ ಕೈಗಳಲ್ಲಿ ಲೋಟೆಯ ಕೈಯೂ ಇತ್ತು. ಜೀವವಿಲ್ಲದ ವಸ್ತುವನ್ನು ಸರಿಸುತ್ತ ಹೋದರೆ ಅದು ನಡೆಯುತ್ತದೆ ಎಂಬ ಗುಟ್ಟು ಅಲ್ಲಿ ಅವಳ ಬೆರಳಿಗೆ ಹತ್ತಿತು ಎಂದೇ ನನ್ನ ನಂಬಿಕೆ.

ಮುಂದಿನದು ಬೇಗ ಬೇಗ ನಡೆಯಿತು. ಬರ್ಲಿನ್‌ನ ಒಂದು ಸಣ್ಣ ಪ್ರಯೋಗಶೀಲ ಸಂಸ್ಥೆಗೆ ವೆಗೆನರ್ ಆಕೆಯನ್ನು ಪರಿಚಯಿಸಿದರು. 1919ರಲ್ಲಿ ಮೊದಲ ಕಿರುಚಿತ್ರ: ಇಬ್ಬರು ಪ್ರೇಮಿಗಳು ಮತ್ತು ಅವರ ಮನಸ್ಸಿನ ಏರಿಳಿತಕ್ಕೆ ತಕ್ಕ ಹಾಗೆ ರೂಪ ಬದಲಿಸುವ ಒಂದು ಬಳ್ಳಿ ಅಲಂಕಾರ. ಅದೇ ಸಂಸ್ಥೆಯಲ್ಲಿದ್ದ ಕಾರ್ಲ್ ಕೊಖ್‌ರನ್ನು 1921ರಲ್ಲಿ ಮದುವೆಯಾದರು. ಅಂದಿನಿಂದ ರೈನಿಗರ್ ಬೊಂಬೆ ಸರಿಸುವುದು, ಕೊಖ್ ಕ್ಯಾಮೆರಾ ನಡೆಸುವುದು.

1922ರ ‘ಸಿಂಡ್ರೆಲಾ’ ನೋಡಿದರೆ ಈ ಹೆಂಗಸಿನ ಧೈರ್ಯ ಗೊತ್ತಾಗುತ್ತದೆ. ಚಿತ್ರ ಶುರುವಾಗುವುದೇ ಕತ್ತರಿಯಿಂದ. ನಮ್ಮ ಕಣ್ಣೆದುರೇ ಸಿಂಡ್ರೆಲಾ ಕಾಗದದಿಂದ ಹೊರಬರುತ್ತಾಳೆ. ನೋಡಿ, ನಾನು ಇವಳನ್ನು ಮಾಡಿದ್ದು ಹೀಗೆ, ಇನ್ನು ನೀವು ಇವಳಿಗಾಗಿ ಅಳಿ ಎನ್ನುವ ಹಾಗೆ! ಅಳುತ್ತೇವೆ ಕೂಡ. ಕೊನೆಯಲ್ಲಿ ಹೊಟ್ಟೆಕಿಚ್ಚಿನ ಮಲತಾಯಿ ಸಿಟ್ಟಿನಿಂದ ನಡುವೆ ಸೀಳಿ ಎರಡು ಹೋಳಾಗುತ್ತಾಳೆ. ಕಾಗದಕ್ಕೆ ಮಾತ್ರ ಸಾಧ್ಯವಾದ ಸಾವು.

ಅದರ ಮರುವರ್ಷ ಜರ್ಮನಿಯಲ್ಲಿ ಹಣ ಅನ್ನುವುದು ಹಣವಾಗಿ ಉಳಿಯಲಿಲ್ಲ. 1923ರ ಹಣದುಬ್ಬರದಲ್ಲಿ ಬೆಳಿಗ್ಗೆಯ ಸಂಬಳ ಸಂಜೆಗೆ ರೊಟ್ಟಿಗೂ ಸಾಲದು. ಕೈಯಲ್ಲಿ ನೋಟಿದ್ದವರು ಅದನ್ನು ಏನಾದರೂ ವಸ್ತುವಾಗಿ ಮಾಡಿಕೊಳ್ಳಲು ಓಡಾಡುತ್ತಿದ್ದರು. ಲೂಯಿ ಹಾಗೆನ್ ಎಂಬ ಬ್ಯಾಂಕರ್ ಕೊಂಡದ್ದು ಕಚ್ಚಾ ಫಿಲಂ. ರಾಶಿ ರಾಶಿ ಫಿಲಂ! ಅಂದುಕೊಂಡ ಲಾಭ ಅದರಿಂದ ಬರಲಿಲ್ಲ. ಆಗ ಅವರು ರೈನಿಗರ್ ಅವರನ್ನು ಕೇಳಿದರು: ಈ ನೆರಳಿನ ಆಟದಲ್ಲೇ ಒಂದು ಪೂರ್ತಿ ಸಿನಿಮಾ ಮಾಡಲಾಗುವುದೇ?

ಆ ಪ್ರಶ್ನೆ ಎಷ್ಟು ಅತಿಯಾಗಿತ್ತು ಎಂದು ಇಂದು ನಮಗೆ ಅಂದಾಜಾಗುವುದು ಕಷ್ಟ. ಆಗಿನ ಅನಿಮೇಶನ್ ಅಂದರೆ ಹತ್ತು ನಿಮಿಷದ ನಗೆಚಿತ್ರ. ಕಥಾಚಿತ್ರಕ್ಕೆ ಮೊದಲು ತೋರಿಸುವ ಒಗ್ಗರಣೆ. ಒಂದು ಗಂಟೆ ಹೊತ್ತು ಜನರನ್ನು ನೆರಳು ನೋಡಿಸಿಕೊಂಡು ಕೂರಿಸುವುದೇ? ಗೊತ್ತಿದ್ದವರೆಲ್ಲ ತಲೆ ಅಲ್ಲಾಡಿಸಿದರು. ಕೊಖ್ ಮತ್ತು ರೈನಿಗರ್ ಒಪ್ಪಿಕೊಂಡರು. ಹಾಗೆನ್ ತಮ್ಮ ಮನೆಯ ಹತ್ತಿರದ ಗ್ಯಾರೇಜಿನ ಮೇಲೆ ಸ್ಟುಡಿಯೊ ಮಾಡಿಕೊಟ್ಟರು.

ಆ ಸ್ಟುಡಿಯೊ ಹೇಗಿತ್ತು ಗೊತ್ತೆ? ಮಾಡು ತಗ್ಗು. ಕ್ಯಾಮೆರಾ ಮೇಲಿನಿಂದ ಕೆಳಕ್ಕೆ ನೋಡಬೇಕು, ಅದಕ್ಕೆ ಎತ್ತರ ಬೇಕು. ಹಾಗಾಗಿ ಮೇಜನ್ನೇ ನೆಲಕ್ಕೆ ಇಳಿಸಬೇಕಾಯಿತು. ಬೊಂಬೆ ಆಡಿಸುವವರು ಹಳೆ ಕಾರಿನ ಸೀಟಿನ ಮೇಲೆ ಮೊಣಕಾಲೂರಿ ಬಗ್ಗಿ ಕೂರಬೇಕು. ಮೇಜಿಗೆ ಹಲಗೆಯ ಬದಲು ಗಾಜು. ಗಾಜಿನ ಕೆಳಗೆ ದೀಪ. ಗಾಜಿನ ಮೇಲೆ ತೆಳು ಕಾಗದಗಳ ಪದರ: ಒಂದು ಪದರದಲ್ಲಿ ಬೆಟ್ಟ, ಎರಡು ಪದರ ಸೇರಿದಲ್ಲಿ ಇನ್ನೂ ದಟ್ಟ ಬೆಟ್ಟ, ಪದರ ಇಲ್ಲದಲ್ಲಿ ಆಕಾಶ. ಅದರ ಮೇಲೆ ಬೊಂಬೆ. ಬೊಂಬೆಯ ತಲೆ, ಕುತ್ತಿಗೆ, ಮುಂಗೈ, ಮೊಣಕೈ, ಸೊಂಟ, ಮೊಣಕಾಲು, ಪಾದ ಎಲ್ಲ ಬೇರೆ ಬೇರೆ ತುಂಡು. ಒಂದಕ್ಕೊಂದು ಸಣ್ಣ ತಂತಿಯ ಕೀಲು. ಬೆಳಕಿನ ಶಾಖಕ್ಕೆ ರಟ್ಟು ಸುರುಟದ ಹಾಗೆ, ಇಟ್ಟಲ್ಲೇ ನಿಲ್ಲುವ ಹಾಗೆ, ತೆಳುವಾಗಿ ತಟ್ಟಿದ ಸೀಸದ ತಗಡನ್ನೂ ಸೇರಿಸುತ್ತಿದ್ದರು.

ಈಗ ಅಹ್ಮದ ಒಂದು ಹೆಜ್ಜೆ ಇಡಬೇಕು ಅನ್ನಿ. ಪಾದವನ್ನು ಕೂದಲೆಳೆಯಷ್ಟು ಸರಿಸಬೇಕು. ಮೊಣಕಾಲನ್ನು ಅದಕ್ಕೆ ತಕ್ಕಷ್ಟು. ಸೊಂಟ ಒಂದಿಷ್ಟು ಮುಂದೆ. ತೋಳು ಹಿಂದೆ. ತಲೆ? ಅವನು ಹೆದರಿದ್ದಾನೋ ಧೈರ್ಯವಾಗಿದ್ದಾನೋ ಅದರ ಮೇಲೆ. ಕೈ ತೆಗೆ. ಕ್ಲಿಕ್. ಮತ್ತೆ ಕೈ ಹಾಕು. ಒಂದು ಸೆಕೆಂಡಿನ ನಡಿಗೆಗೆ ಹೀಗೆ ಇಪ್ಪತ್ತನಾಲ್ಕು ಸಲ! ಪಕ್ಕದಲ್ಲಿ ಇನ್ನೊಬ್ಬನಿದ್ದರೆ ಅವನನ್ನೂ ಸರಿಸಬೇಕು. ಜಾತ್ರೆಯಿದ್ದರೆ ಜಾತ್ರೆಯನ್ನೇ ಸರಿಸಬೇಕು. ಮೂರು ವರ್ಷದಲ್ಲಿ ಹೀಗೆ ಸುಮಾರು ಮೂರು ಲಕ್ಷ ಚಿತ್ರ ತೆಗೆದರೆಂದೂ ಅದರಲ್ಲಿ ಸುಮಾರು 96,000 ಸಿನಿಮಾದಲ್ಲಿ ಉಳಿದವೆಂದೂ ಲೆಕ್ಕ ಹೇಳುತ್ತಾರೆ. ಹತ್ತಿರದ ದೃಶ್ಯ ಬೇಕಾದರೆ ಕ್ಯಾಮೆರಾ ಹತ್ತಿರ ತರುವುದು ಸಾಲದು. ಅದೇ ಪಾತ್ರದ ತಲೆ ಭುಜಗಳನ್ನು ದೊಡ್ಡ ಅಳತೆಯಲ್ಲಿ, ಇನ್ನೂ ನಯವಾಗಿ, ಬೇರೆಯಾಗಿಯೇ ಕತ್ತರಿಸಬೇಕು.

ನಮ್ಮ ತೊಗಲುಗೊಂಬೆ ಆಟ ನೋಡಿದವರಿಗೆ ಇಲ್ಲೊಂದು ರೋಮಾಂಚನ ಕಾದಿದೆ. ಎರಡರಲ್ಲೂ ಪರದೆ, ಬೆಳಕು, ಕೀಲುಗೊಂಬೆ. ಆದರೆ ನಮ್ಮಲ್ಲಿ ಹದ ಮಾಡಿದ ತೊಗಲು ಪಾರದರ್ಶಕ. ಬಣ್ಣ ಪರದೆಯ ಈಚೆಗೂ ಹೊಳೆದು ಬರುತ್ತದೆ, ಆಂಜನೇಯನ ಕಣ್ಣು ನಮ್ಮನ್ನೇ ನೋಡುತ್ತದೆ. ರೈನಿಗರ್ ಬೊಂಬೆಗೆ ಕಣ್ಣೇ ಇಲ್ಲ. ಹೆಚ್ಚೆಂದರೆ ಕತ್ತರಿಯ ತುದಿಯಿಂದ ಕೊರೆದ ಒಂದು ಸೀಳು. ಮುಖಭಾವ ಸೊನ್ನೆ. ಎಲ್ಲವನ್ನೂ ಕುತ್ತಿಗೆ ಹೇಳಬೇಕು, ಮಣಿಕಟ್ಟು ಹೇಳಬೇಕು, ಬೆನ್ನು ಹೇಳಬೇಕು. ಇನ್ನೂ ದೊಡ್ಡ ವ್ಯತ್ಯಾಸ ಕೈಯದು. ತೊಗಲುಗೊಂಬೆಯ ಆಟದಲ್ಲಿ ಆಡಿಸುವವರ ಕೈ ಬೊಂಬೆಯ ಜೊತೆಗೇ ಇರುತ್ತದೆ. ಕೈ ನಡುಗಿದರೆ ಬೊಂಬೆ ನಡುಗುತ್ತದೆ, ಹಾಡಿನ ಓಘಕ್ಕೆ ಕುಣಿಯುತ್ತದೆ. ಇಲ್ಲಿ ಚಿತ್ರ ತೆಗೆಯುವ ಪ್ರತಿ ಗಳಿಗೆಯಲ್ಲೂ ಬೊಂಬೆ ಹೆಣದಂತೆ ಬಿದ್ದಿರುತ್ತದೆ, ಕೈ ಆಚೆಗಿರುತ್ತದೆ. ಚಲನೆ ಅನ್ನುವುದು ಆ ಅಟ್ಟದಲ್ಲಿ ಯಾವತ್ತೂ ನಡೆಯಲೇ ಇಲ್ಲ! ಅದು ಇದ್ದದ್ದು ರೈನಿಗರ್ ತಲೆಯಲ್ಲಿ. ಅಲ್ಲಿಂದ ನೇರವಾಗಿ ಪರದೆಗೆ ಬಂತು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಕಥೆ ‘ಸಾವಿರದ ಒಂದು ರಾತ್ರಿಗಳು’ ಗ್ರಂಥದ ಹಲವು ಎಳೆಗಳನ್ನು ಹೆಣೆದದ್ದು. ಖಲೀಫನ ಹುಟ್ಟುಹಬ್ಬಕ್ಕೆ ಮಾಂತ್ರಿಕ ಹಾರುವ ಕುದುರೆ ತರುತ್ತಾನೆ. ಬದಲಿಗೆ ಖಲೀಫನ ಮಗಳು ದಿನಾರ್ಜಾದೆಯೇ ಬೇಕು ಅನ್ನುತ್ತಾನೆ. ತಂಗಿಗಾಗಿ ಅಡ್ಡ ಬಂದ ಅಣ್ಣ ಅಹ್ಮದನನ್ನು ಕುದುರೆ ಏರಿಸಿ ಆಕಾಶಕ್ಕೆ ಬಿಡುತ್ತಾನೆ. ಏರಿಸುವುದು ಹೇಗೆಂದು ಅಹ್ಮದನಿಗೆ ಗೊತ್ತು, ಇಳಿಸುವುದು ಗೊತ್ತಿಲ್ಲ. ಊರು ಚಿಕ್ಕದಾಗುತ್ತದೆ, ಮೋಡ ಕೆಳಗಾಗುತ್ತದೆ, ನಕ್ಷತ್ರಗಳು ಸುತ್ತ ಬರುತ್ತವೆ. ಒಂದು ಕಪ್ಪು ಕಾಗದದ ಹುಡುಗ ಕಾಗದದ ಕುದುರೆಯ ಕುತ್ತಿಗೆಗೆ ಆತುಕೊಂಡಿದ್ದಾನೆ, ನಮಗೆ ತಲೆ ಸುತ್ತುತ್ತದೆ.

ಇಳಿದದ್ದು ವಾಕ್‌ವಾಕ್ ದ್ವೀಪಗಳಲ್ಲಿ. ಅಲ್ಲಿಯ ಒಡತಿ ಪರೀಬಾನು ಗರಿಯ ಉಡುಪು ತೊಟ್ಟು ಹಕ್ಕಿಯಾಗಿ ಹಾರಿಬಂದು, ಉಡುಪು ಕಳಚಿಟ್ಟು ಕೊಳದಲ್ಲಿ ಮೀಯುತ್ತಾಳೆ. ಅಹ್ಮದ ಆ ಉಡುಪನ್ನು ಬಚ್ಚಿಡುತ್ತಾನೆ. ಗೋಪಿಕಾ ವಸ್ತ್ರಾಪಹರಣ ಕೇಳಿ ಬೆಳೆದ ನಮಗೆ ಈ ಸನ್ನಿವೇಶ ಹೊಸದೇನಲ್ಲ, ನೆಮ್ಮದಿಯದೂ ಅಲ್ಲ. ಆದರೆ ನೀವು ಪರೀಬಾನುವಿನ ಮೈಯನ್ನು ನೋಡಿ. ಗರಿಯ ಉಡುಪು ಇಲ್ಲವೆಂದು ತಿಳಿದ ಗಳಿಗೆ ಆ ಹೆಣ್ಣು ಸೊಂಟದಲ್ಲಿ ಕುಗ್ಗುವ ಬಗೆ, ತೋಳು ಮಡಚಿಕೊಳ್ಳುವ ಬಗೆ, ಓಡುವಾಗ ತಲೆ ಹಿಂದೆ ತಿರುಗುವ ಬಗೆ! ಗಂಡಸರ ಕಥೆಯಲ್ಲಿ ಹೆಣ್ಣಿಗೆ ಎಷ್ಟು ಭಯವಾಗುತ್ತದೆ ಎನ್ನುವುದನ್ನು ರೈನಿಗರ್ ಮುಚ್ಚಿಟ್ಟಿಲ್ಲ. ಕೀಲುಗಳಲ್ಲಿ ಹೇಳಿದ್ದಾರೆ.

ಮುಂದೆ ಚೀನಾ ದೇಶ, ಬೆಂಕಿಬೆಟ್ಟದ ಮಾಟಗಾತಿ, ಅಲ್ಲಾವುದ್ದೀನ ಮತ್ತು ಅವನ ದೀಪ. ಮಾಟಗಾತಿ ಮತ್ತು ಮಾಂತ್ರಿಕನ ಕಾಳಗದ ದೃಶ್ಯವೊಂದೇ ಸಾಕು, ಈ ಚಿತ್ರ ಚಿರಾಯುವಾಗಲು. ಅವನು ಸಿಂಹವಾದರೆ ಇವಳು ಹಾವು. ಅವನು ಚೇಳಾದರೆ ಇವಳು ಹುಂಜ. ನೀರಿಗೆ ಬಿದ್ದರೆ ಮೀನು. ಒಂದು ರೂಪ ಇನ್ನೊಂದಕ್ಕೆ ಹೊರಳುವಾಗ ನಡುವೆ ಎಲ್ಲಿಯೂ ಬಿರುಕು ಕಾಣಿಸುವುದಿಲ್ಲ. ಕೊನೆಗೆ ಬೆಂಕಿಯುಂಡೆಗಳನ್ನು ಎಸೆದಾಡುತ್ತಾರೆ. ನಾನು ಈ ದೃಶ್ಯವನ್ನು ಹಿಂದಕ್ಕೆ ಹಾಕಿ, ನಿಲ್ಲಿಸಿ, ನಿಧಾನ ಮಾಡಿ ನೋಡಿದ್ದೇನೆ. ಆದರೂ ಮೋಸ ಸಿಕ್ಕಿಲ್ಲ.

ಬೆಂಕಿಗೂ ಸಮುದ್ರಕ್ಕೂ ರೈನಿಗರ್ ಬೇರೆಯವರ ಕೈ ಹಿಡಿದರು. ಆ ಅಟ್ಟದಲ್ಲಿ ಕೂತವರ ಹೆಸರು ಕೇಳಿದರೆ ಯುರೋಪಿನ ಪ್ರಯೋಗಶೀಲ ಸಿನಿಮಾದ ಚರಿತ್ರೆಯೇ ಕಣ್ಣಮುಂದೆ ಬರುತ್ತದೆ. ಮಂತ್ರದ ಕಿಡಿ, ಹೊಗೆ, ಮಿಂಚು ಮಾಡಿದವರು ವಾಲ್ಟರ್ ರುಟ್‌ಮನ್. ಮುಂದಿನ ವರ್ಷವೇ ‘ಬರ್ಲಿನ್: ಮಹಾನಗರದ ಸಿಂಫನಿ’ ಎಂಬ ಮೇರುಕೃತಿ ಮಾಡಿದವರು. ಅಲೆಗಳನ್ನೂ ಬಿರುಗಾಳಿಯನ್ನೂ ಪಾರದರ್ಶಕ ಕಾಗದದ ಪದರಗಳಲ್ಲಿ ಎಬ್ಬಿಸಿದವರು ಬರ್ಟೋಲ್ಡ್ ಬಾರ್ಟಾಶ್. ಸಂಗೀತ ವೋಲ್ಫ್‌ಗಾಂಗ್ ಝೆಲ್ಲರ್ ಅವರದು. ಚಿತ್ರ ಮುಗಿದ ಮೇಲೆ ಹಚ್ಚಿದ ಸಂಗೀತವಲ್ಲ. ಚಿತ್ರ ಬೆಳೆದ ಹಾಗೆ ಅದೂ ಬೆಳೆಯಿತು, ಮೆರವಣಿಗೆಯ ಬೊಂಬೆಗಳ ಹೆಜ್ಜೆ ಅವರ ತಾಳಕ್ಕೆ ಹೊಂದಿ ಬಿತ್ತು.

ರುಟ್‌ಮನ್ ಒಮ್ಮೆ ಕೇಳಿದರಂತೆ: ಈ ಅರೇಬಿಯದ ಕಾಲ್ಪನಿಕ ಕಥೆಗೂ 1923ಕ್ಕೂ ಏನು ಸಂಬಂಧ? ಹೊರಗೆ ಹಸಿವು, ಗಲಾಟೆ, ಬೀದಿಯಲ್ಲಿ ಜಗಳ. ಏನೂ ಇಲ್ಲ, ನಾನು ಈಗ ಬದುಕಿದ್ದೇನೆ, ಮಾಡುವ ಅವಕಾಶ ಈಗ ಸಿಕ್ಕಿದೆ ಎಂಬರ್ಥದ ಉತ್ತರ ಕೊಟ್ಟದ್ದಾಗಿ ರೈನಿಗರ್ ಮುಂದೆ ನೆನೆದಿದ್ದಾರೆ. ಎಂಥ ಉತ್ತರ! ಕಲೆಗೆ ಕಾರಣ ಕೇಳುವವರ ಮುಂದೆ ಇದಕ್ಕಿಂತ ನೇರವಾಗಿ ನಿಲ್ಲುವುದು ಸಾಧ್ಯವಿಲ್ಲ.

ಚಿತ್ರದಲ್ಲಿ ನನಗೆ ಒಗ್ಗದ್ದೂ ಇದೆ. ಖಳನನ್ನು ‘ಆಫ್ರಿಕಾದ ಮಾಂತ್ರಿಕ’ ಎಂದು ಕರೆದು ವಿಕಾರವಾಗಿ ತೋರಿಸಿರುವುದು, ಚೀನಾದ ಚಕ್ರವರ್ತಿಯನ್ನು ಗೇಲಿಯ ವಸ್ತು ಮಾಡಿರುವುದು. ಪೂರ್ವದೇಶಗಳನ್ನು ಪುಸ್ತಕದಲ್ಲಷ್ಟೇ ಕಂಡ ಆ ಕಾಲದ ಯುರೋಪಿನ ಕಣ್ಣು ಅದು. ಮಕ್ಕಳ ಜೊತೆ ನೋಡುವಾಗ ಆ ಮಾತು ಎತ್ತಿ ಹೇಳುವುದೇ ಒಳ್ಳೆಯದು.

ಚಿತ್ರವೇನೋ ಮುಗಿಯಿತು. ಹಾಕುವ ಥಿಯೇಟರ್ ಸಿಗಲಿಲ್ಲ! ಮೂರು ವರ್ಷ ಮೊಣಕಾಲೂರಿ ಮಾಡಿದ ಕೆಲಸಕ್ಕೆ ಹಂಚಿಕೆದಾರರಿಲ್ಲ. ಕೊನೆಗೆ ತಾವೇ ನಾಟಕದ ಥಿಯೇಟರ್ ಒಂದನ್ನು ಹಿಡಿದರು. 1926ರ ಮೇ 2, ಭಾನುವಾರ, ಬರ್ಲಿನ್‌ನ ಫೋಕ್ಸ್‌ಬ್ಯೂನೆ. ವಾದ್ಯವೃಂದದೊಂದಿಗೆ ಪ್ರದರ್ಶನ, ತುಂಬಿದ ಸಭೆ. ಜುಲೈನಲ್ಲಿ ಪ್ಯಾರಿಸ್. ಅಲ್ಲಿಯ ಜನ ಹುಚ್ಚೆದ್ದು ಮೆಚ್ಚಿದರು. ಮುಂದೆ ಜಗತ್ತಿನ ಮಹಾನ್ ನಿರ್ದೇಶಕರಲ್ಲಿ ಒಬ್ಬರಾಗಲಿದ್ದ ಜಾನ್ ರೆನ್ವಾರ್ ಅವರಂತೂ ದಂಪತಿಗೆ ಬದುಕಿಡೀ ಗೆಳೆಯರಾದರು. 1938ರ ತಮ್ಮ ‘ಲಾ ಮಾರ್ಸೆಯೇಸ್’ ಚಿತ್ರಕ್ಕೆ ನೆರಳಿನಾಟದ ದೃಶ್ಯವನ್ನು ರೈನಿಗರ್ ಕೈಯಿಂದಲೇ ಮಾಡಿಸಿಕೊಂಡರು.

1928ರಲ್ಲಿ ಪ್ರಾಣಿಗಳ ಭಾಷೆ ಬಲ್ಲ ವೈದ್ಯ ‘ಡಾಕ್ಟರ್ ಡೂಲಿಟಲ್’ನ ಕಥೆಗಳು ಬಂದವು. ಮರುವರ್ಷ ರೋಖುಸ್ ಗ್ಲೀಸೆ ಅವರ ಜೊತೆ ಸೇರಿ ನಿಜವಾದ ನಟರಿರುವ ಸಿನಿಮಾಕ್ಕೂ ಕೈ ಹಾಕಿದರು. ನೆರಳುಬೊಂಬೆಯಾಟದ ಅಲೆಮಾರಿ ತಂಡದ ಕಥೆ, ನಟರಲ್ಲಿ ಸ್ವತಃ ರೆನ್ವಾರ್. ಮೂಕಿಯಾಗಿ ತೆಗೆದ ಚಿತ್ರ ಅದು. ಅಷ್ಟರಲ್ಲಿ ಟಾಕಿಯ ಅಲೆ ನುಗ್ಗಿತು, ಮಾತು ಅಂಟಿಸಿ ಬಿಡುಗಡೆ ಮಾಡಿದರು, ಬಿದ್ದುಹೋಯಿತು. ಮೂಕಿ ಕಾಲದ ಎಷ್ಟೋ ನಿರ್ದೇಶಕರ ಕಥೆ ಇಲ್ಲಿಗೇ ಮುಗಿಯುತ್ತದೆ. ಇವರದು ಮುಗಿಯಲಿಲ್ಲ. ನೆರಳಿಗೆ ತುಟಿಯೇ ಇಲ್ಲವಲ್ಲ, ಮಾತಿನ ಚಿಂತೆ ಯಾಕೆ? ಬದಲಿಗೆ ಸಂಗೀತ ಸಿಕ್ಕಿತು. ಮೊಝಾರ್ಟ್‌ನ ಹಾಡುಗಳಿಗೆ ಹಕ್ಕಿಬೇಟೆಗಾರ ‘ಪಾಪಗೇನೊ’ (1935) ಕುಣಿದ. ಬಿಝೆಯ ಸಂಗೀತಕ್ಕೆ ‘ಕಾರ್ಮೆನ್’ (1933) ಗೂಳಿಯ ಮುಂದೆಯೇ ಕುಣಿದಳು.

ಆಗಲೇ ಹಿಟ್ಲರ್ ಬಂದಾಗಿತ್ತು. ಎಡಪಂಥದ ಒಲವಿದ್ದ ಈ ದಂಪತಿಗೆ ಜರ್ಮನಿ ಉಸಿರುಕಟ್ಟಿತು. ಬಿಟ್ಟು ಹೋಗೋಣವೆಂದರೆ ಯಾವ ದೇಶವೂ ಕಾಯಂ ಆಗಿ ಇರಗೊಡಲಿಲ್ಲ. ಲಂಡನ್, ಪ್ಯಾರಿಸ್, ರೋಮ್ ಎಂದು ವೀಸಾ ಮುಗಿದಲ್ಲಿಂದ ವೀಸಾ ಸಿಕ್ಕಲ್ಲಿಗೆ ವರ್ಷಗಟ್ಟಲೆ ಅಲೆದರು. ನಡುನಡುವೆ ಚಿತ್ರ ಮಾಡುತ್ತಲೇ ಇದ್ದರು. ಕತ್ತರಿ ಮತ್ತು ರಟ್ಟು ಯಾವ ಪೆಟ್ಟಿಗೆಯಲ್ಲೂ ಹಿಡಿಯುತ್ತವೆ. 1944ರಲ್ಲಿ ಕಾಯಿಲೆಬಿದ್ದ ತಾಯಿಯನ್ನು ನೋಡಿಕೊಳ್ಳಲು ಬಾಂಬು ಸುರಿಯುತ್ತಿದ್ದ ಬರ್ಲಿನ್‌ಗೇ ಮರಳಿದರು. 1945ರ ಬರ್ಲಿನ್ ಕದನದಲ್ಲಿ ಅಹ್ಮದನ ಮೂಲ ನೆಗೆಟಿವ್ ನಾಶವಾಯಿತು.

ಹಾಗಾದರೆ ನಾವಿಂದು ನೋಡುತ್ತಿರುವುದು? ಲಂಡನ್ನಿನ ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಒಂದು ಹಳೆಯ ನೈಟ್ರೇಟ್ ಪ್ರತಿ ಉಳಿದಿತ್ತು. ಅದರ ಆಧಾರದ ಮೇಲೆ 1990ರ ದಶಕದ ಕೊನೆಯಲ್ಲಿ ಜರ್ಮನಿಯವರು ಚಿತ್ರವನ್ನು ಮತ್ತೆ ಕಟ್ಟಿದರು. ಮೂಲದ ಬಣ್ಣದ ಛಾಯೆಗಳನ್ನೂ ತಂದುಕೊಟ್ಟರು. ಮೂಕಿಗಳು ಬರೀ ಕಪ್ಪು ಬಿಳುಪೆಂದು ನಂಬಿದವರು ಇದನ್ನು ನೋಡಬೇಕು: ರಾತ್ರಿಗೆ ನೀಲಿ, ಬೆಂಕಿಬೆಟ್ಟಕ್ಕೆ ಕೆಂಪು, ಅರಮನೆಗೆ ಹೊನ್ನಿನ ಹಳದಿ. ಅದರ ಮುಂದೆ ಆ ಕಪ್ಪು ಇನ್ನಷ್ಟು ಕಪ್ಪಾಗಿ ಎದ್ದು ನಿಲ್ಲುತ್ತದೆ.

ಈ ಕಥೆಯೊಳಗೆ ಇನ್ನೊಂದು ಕಥೆ ಅಡಗಿ ಕೂತಿದೆ. ಬ್ಯಾಂಕರ್ ಹಾಗೆನ್ ಅವರಿಗೆ ಅಪ್ಪನದೇ ಹೆಸರಿನ ಮಗನಿದ್ದ. ಪಾಟ್ಸ್‌ಡಾಮ್‌ನ ಆ ಅಟ್ಟ ಏರಿ ಬೊಂಬೆಗಳು ನಡೆಯುವುದನ್ನು ನೋಡುತ್ತಿದ್ದ ಪುಟ್ಟ ಹುಡುಗ. ಯಹೂದಿ ಮನೆತನ. 1934ರಲ್ಲಿ, ಇನ್ನೂ ಹದಿಹರೆಯದಲ್ಲಿ, ಕಾರ್ಡಿನಲ್ಲಿ ಬರೆದ ಒಂದು ತಮಾಷೆಯ ಮಾತಿಗೆ ಅವನನ್ನು ನಾಜಿಗಳು ಸೆರೆಶಿಬಿರಕ್ಕೆ ಹಾಕಿದರು. ಹೇಗೋ ಹೊರಬಂದು ಇಂಗ್ಲೆಂಡ್ ಸೇರಿದ. ಬ್ರಿಟಿಷ್ ಸೈನ್ಯದ ಗ್ಲೈಡರ್ ಪೈಲಟ್ ಆಗಿ 1944ರ ಆರ್ನ್‌ಹೆಮ್ ಕದನದಲ್ಲಿ ಹೋರಾಡಿ ಪದಕ ಪಡೆದ, ಅದರ ಬಗ್ಗೆ ಪುಸ್ತಕ ಬರೆದ. ಯುದ್ಧ ಮುಗಿದ ಮೇಲೆ, 1949ರಲ್ಲಿ, ರೈನಿಗರ್ ಮತ್ತು ಕೊಖ್ ಲಂಡನ್ನಿಗೆ ಬಂದರು. ಅಲ್ಲಿ ಅವರ ಹೊಸ ಚಿತ್ರಗಳಿಗೆ ‘ಪ್ರಿಮ್‌ರೋಸ್’ ಎಂಬ ಕಂಪನಿ ಕಟ್ಟಿ ನಿಂತದ್ದು ಅದೇ ಹುಡುಗ! ಅಪ್ಪ ಹಾಕಿದ ಫಿಲಂ, ಮಗ ಹಾಕಿದ ಬಂಡವಾಳ. ನಡುವೆ ಒಂದು ಮಹಾಯುದ್ಧ. ಕಾದಂಬರಿಯಲ್ಲಿ ಬರೆದರೆ ಅತಿಯಾಯಿತು ಅನ್ನುತ್ತೇವೆ.

ಆ ಕಂಪನಿಯಿಂದ 1950ರ ದಶಕದ ನಡುವಿನಲ್ಲಿ ಟಿವಿಗಾಗಿ ಸಾಲುಸಾಲು ಜನಪದ ಕಥೆಗಳು ಬಂದವು: ‘ಹ್ಯಾನ್ಸೆಲ್ ಮತ್ತು ಗ್ರೆಟೆಲ್’, ‘ಥಂಬೆಲಿನಾ’, ‘ಜ್ಯಾಕ್ ಮತ್ತು ಹುರುಳಿಬಳ್ಳಿ’. ‘ಕೆಚ್ಚೆದೆಯ ಪುಟ್ಟ ದರ್ಜಿ’ ವೆನಿಸ್‌ನಲ್ಲಿ ಬಹುಮಾನ ಗೆದ್ದಿತು. ಇವು ಅಹ್ಮದನಷ್ಟು ಮೇಲಕ್ಕೆ ಹಾರುವುದಿಲ್ಲ, ಬೇಗ ಬೇಗ ಮಾಡಿದ್ದು ಕಾಣುತ್ತದೆ. ಆದರೆ ಯಾವುದೋ ಮೂಲೆಯಲ್ಲಿ ಒಂದು ಕಪ್ಪೆ ಕುಪ್ಪಳಿಸುತ್ತದೆ, ಒಂದು ಅಳಿಲು ಬಾಲ ಎತ್ತುತ್ತದೆ, ಅಷ್ಟಕ್ಕೇ ಮನಸ್ಸು ಅರಳುತ್ತದೆ.

1963ರಲ್ಲಿ ಕೊಖ್ ತೀರಿಕೊಂಡರು. ಮೇಲೆ ಕ್ಯಾಮೆರಾ ಹಿಡಿದು ನಿಂತಿದ್ದ ನಲವತ್ತು ವರ್ಷಗಳ ಜೊತೆಗಾರ. ರೈನಿಗರ್ ಬಹುಕಾಲ ಚಿತ್ರ ಮಾಡಲಿಲ್ಲ. 1970ರಲ್ಲಿ ನೆರಳಿನಾಟ ಮತ್ತು ನೆರಳುಚಿತ್ರಗಳ ಬಗ್ಗೆ ಒಂದು ಪುಸ್ತಕ ಬರೆದರು. ಬೊಂಬೆ ಕತ್ತರಿಸುವುದು, ಕೀಲು ಕಟ್ಟುವುದು, ಮೇಜು ಜೋಡಿಸುವುದು ಎಲ್ಲವನ್ನೂ ಅದರಲ್ಲಿ ಬಿಚ್ಚಿಟ್ಟರು. ಗುಟ್ಟು ಕಾಪಾಡುವ ಜಾತಿಯೇ ಅಲ್ಲ. 1972ರಲ್ಲಿ ಜರ್ಮನಿ ಕೊನೆಗೂ ನೆನಪು ಮಾಡಿಕೊಂಡು ಚಲನಚಿತ್ರ ಗೌರವ ಕೊಟ್ಟಿತು. ಆಮೇಲೆ ಏನಾಯಿತು ನೋಡಿ: ಕೆನಡಾದವರು ಕರೆದರು, ಎಪ್ಪತ್ತರ ಅಂಚು ದಾಟಿದ ಅಜ್ಜಿ ಕತ್ತರಿ ಕಟ್ಟಿಕೊಂಡು ಸಾಗರ ದಾಟಿದರು. ಅಲ್ಲಿಯ ನ್ಯಾಷನಲ್ ಫಿಲಂ ಬೋರ್ಡಿಗೆ 1975ರಲ್ಲಿ ‘ಒಕಾಸಾನ್ ಮತ್ತು ನಿಕೊಲೆಟ್’ ಮಾಡಿದರು. 1979ರಲ್ಲಿ ಮತ್ತೊಂದು. ಆಗ ಎಂಬತ್ತು ವರ್ಷ! 1981ರ ಜೂನ್ 19ರಂದು ಜರ್ಮನಿಯ ಟ್ಯೂಬಿಂಗನ್ ಹತ್ತಿರದ ಹಳ್ಳಿಯೊಂದರಲ್ಲಿ ತೀರಿಕೊಂಡರು. ಬೊಂಬೆಗಳು ಈಗ ಟ್ಯೂಬಿಂಗನ್‌ನ ನಗರ ವಸ್ತುಸಂಗ್ರಹಾಲಯದಲ್ಲಿವೆ.

2026ರ ಮೇ 2 ಅಹ್ಮದನಿಗೆ ನೂರು ತುಂಬುವ ದಿನ. ನಮ್ಮ ಊರುಗಳ ಚಿತ್ರಸಮಾಜಗಳಿಗೆ, ಮಕ್ಕಳ ರಂಗತಂಡಗಳಿಗೆ ನನ್ನದೊಂದು ಮನವಿ. ಈ ಚಿತ್ರವನ್ನು ಫೋನಿನಲ್ಲಿ ಹಂಚಿ ಕೈತೊಳೆದುಕೊಳ್ಳಬೇಡಿ. ದೊಡ್ಡ ಪರದೆ ಕಟ್ಟಿ, ಕತ್ತಲು ಮಾಡಿ, ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ತೋರಿಸಿ. ಮೂಕಿ ಚಿತ್ರವಲ್ಲವೇ, ಎದುರಿಗೆ ಕೂತು ನುಡಿಸಲು ಜಾಗವಿದೆ: ಕೊಪ್ಪಳದ ಕಡೆಯ ಅಥವಾ ಬಳ್ಳಾರಿ ಸೀಮೆಯ ಯಾವುದಾದರೂ ತೊಗಲುಗೊಂಬೆ ಮೇಳದವರನ್ನು ಮದ್ದಳೆ, ತಾಳ, ಹಾರ್ಮೋನಿಯಂ ಸಮೇತ ಕರೆಸಿ. ನೆರಳು ಹೇಗೆ ನಡೆಯುತ್ತದೆ, ಯಾವಾಗ ತಿರುಗುತ್ತದೆ, ಯುದ್ಧಕ್ಕೆ ಯಾವ ಪೆಟ್ಟು ಬೀಳಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಭಾವನೆ ಮಾತ್ರ ಸರಿಯಾಗಿ ಕೊಡಿ.